ಆಪ್ಷನ್ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಬರೆಯಿರಿ

ಸಿಇಟಿಯಲ್ಲಿ ಹನ್ನೆರಡು ಸಾವಿರದೊಳಗೆ ರ‍್ಯಾಂಕ್ ಬಂದ ಹಳ್ಳಿಯ ಮಕ್ಕಳ ಎಂಜಿನಿಯರಿಂಗ್ ಆಪ್ಷನ್ ಪಟ್ಟಿ, ಅಂದರೆ ಬೇಕಾದ ಕಾಲೇಜು-ಬ್ರಾಂಚುಗಳನ್ನು ಕ್ರಮವಾಗಿ ಬರೆದುಕೊಡುವ ಪಟ್ಟಿ, ಸಾಮಾನ್ಯವಾಗಿ ಎರಡು ಥರ ಇರುತ್ತದೆ. ಒಂದರಲ್ಲಿ ಎಂಟೋ ಹತ್ತೋ ಸಾಲು, ಎಲ್ಲವೂ ಬೆಂಗಳೂರಿನ ದೊಡ್ಡ ಹೆಸರುಗಳು, ಎಲ್ಲವೂ ಕಂಪ್ಯೂಟರ್ ಸೈನ್ಸ್. ಇನ್ನೊಂದರಲ್ಲಿ ಹೆದರಿಕೆಯೇ ಎದ್ದು ಕಾಣುತ್ತದೆ: ಜಿಲ್ಲೆಯ ಎರಡು ಕಾಲೇಜು, ಪಕ್ಕದ ಜಿಲ್ಲೆಯದ್ದು ಒಂದು, ಅಲ್ಲಿಗೆ ಮುಗಿಯಿತು. ಮೊದಲನೆಯವರಿಗೆ ಸೀಟೇ ಸಿಗದೆ ಹೋಗಬಹುದು. ಎರಡನೆಯವರು ತಮ್ಮ ರ‍್ಯಾಂಕಿಗೆ ದಕ್ಕುತ್ತಿದ್ದ ಸೀಟನ್ನು ಕೇಳದೆಯೇ ಬಿಟ್ಟುಕೊಡುತ್ತಾರೆ. ಪಟ್ಟಿಗೆ ಮಿತಿ ಇಲ್ಲ, ಎಷ್ಟು ಆಪ್ಷನ್ ಬೇಕಾದರೂ ಹಾಕಬಹುದು. ಅರವತ್ತು, ಎಂಬತ್ತು ಸಾಲು ಬರೆದರೂ ನಷ್ಟವಿಲ್ಲ.

ಸೀಟು ಹಂಚುವ ಕ್ರಮ ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಕಂಪ್ಯೂಟರು ರ‍್ಯಾಂಕ್ ಪ್ರಕಾರ ಒಬ್ಬೊಬ್ಬರನ್ನೇ ತೆಗೆದುಕೊಳ್ಳುತ್ತದೆ. ನಿಮ್ಮ ಸರದಿ ಬಂದಾಗ ಪಟ್ಟಿಯ ಒಂದನೇ ಸಾಲಿನಿಂದ ಕೆಳಗಿಳಿಯುತ್ತಾ, ನಿಮಗೆ ಅರ್ಹತೆ ಇರುವ ಕಡೆ ಖಾಲಿ ಕಂಡ ಮೊದಲ ಸೀಟನ್ನು ಕೊಟ್ಟು ನಿಲ್ಲುತ್ತದೆ. ಹಾಗಾಗಿ ಕೈಗೆಟುಕದ ಕಾಲೇಜನ್ನು ಮೇಲೆ ಹಾಕಿದ್ದಕ್ಕೆ ಕೆಳಗಿನ ಸೀಟು ತಪ್ಪುವುದಿಲ್ಲ. ತಪ್ಪುವುದು ಇನ್ನೊಂದು ಕಾರಣಕ್ಕೆ. 'ಇದಂತೂ ಸಿಕ್ಕೇ ಸಿಗುತ್ತದೆ' ಎಂದು ಸುಲಭದ ಸೀಟನ್ನು ಮಧ್ಯದಲ್ಲಿ ತುರುಕಿದರೆ, ಅದರ ಕೆಳಗೆ ಬರೆದ ಒಳ್ಳೆಯ ಕಾಲೇಜುಗಳನ್ನು ಕಂಪ್ಯೂಟರು ನೋಡುವುದೇ ಇಲ್ಲ. ಸಾಲುಗಳ ಕ್ರಮ ನಿಮ್ಮ ಆಸೆಯ ಕ್ರಮವಾಗಿರಲಿ, ಸಿಗುವ ಸಾಧ್ಯತೆಯ ಕ್ರಮ ಬೇಡ.

ಆದರೂ ಬರೆಯುವ ಕೆಲಸ ಕೆಳಗಿನಿಂದಲೇ ಶುರುವಾಗಲಿ ಎನ್ನುತ್ತೇನೆ. ಮೇಲಿನ ಹತ್ತು ಹೆಸರು ಯಾರನ್ನು ಕೇಳಿದರೂ ಸಿಗುತ್ತವೆ. ಕೆಳಗಿನ ಹದಿನೈದು ಸಾಲಿಗೆ ಮನೆಯಲ್ಲಿ ಕೂತು ಲೆಕ್ಕ ಹಾಕಬೇಕು. ಅಲ್ಲಿ ಬರುವ ಪ್ರತಿ ಸೀಟಿಗೂ ಮೂರು ಪ್ರಶ್ನೆ: ಕಳೆದ ವರ್ಷಗಳ ಕಟ್-ಆಫ್ (ಆ ಸೀಟು ಸಿಕ್ಕ ಕೊನೆಯ ರ‍್ಯಾಂಕ್) ನೋಡಿದರೆ ಇದು ಖಚಿತವಾಗಿ ಸಿಗುತ್ತದೆಯೇ? ನಾಲ್ಕು ವರ್ಷದ ಶುಲ್ಕ, ಹಾಸ್ಟೆಲ್, ಊಟವನ್ನು ಮನೆ ತಾಳುತ್ತದೆಯೇ? ಇದೇ ಸಿಕ್ಕರೆ ಮನಸ್ಸಿಟ್ಟು ಓದುತ್ತೇನೆಯೇ? ಮೂರಕ್ಕೂ ಹೌದು ಎಂದರೆ ಮಾತ್ರ ಅದು ಭದ್ರ ಸೀಟು. ಸಿಗುವುದು ಖಚಿತ, ಆದರೆ ಶುಲ್ಕ ಕಟ್ಟಲಾಗದು ಎಂದಾದರೆ ಅದನ್ನು ಭದ್ರ ಎಂದು ಎಣಿಸಬೇಡಿ.

ಈ ಕಾರಣಕ್ಕೇ ಸರ್ಕಾರಿ ಮತ್ತು ಅನುದಾನಿತ ಸೀಟುಗಳನ್ನು ಮೊದಲು ಹುಡುಕಬೇಕು. ಬೆಂಗಳೂರಿನ ಯುವಿಸಿಇ 1917ರಲ್ಲಿ ಶುರುವಾದ ಸರ್ಕಾರಿ ಕಾಲೇಜು. ದಾವಣಗೆರೆಯ ಯುಬಿಡಿಟಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಘಟಕ ಕಾಲೇಜು. ಹಾಸನ, ಹಾವೇರಿ, ರಾಮನಗರ, ಚಾಮರಾಜನಗರ, ರಾಯಚೂರು, ಕಾರವಾರದಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಮಂಡ್ಯದ ಪಿಇಎಸ್, ಹಾಸನದ ಮಲೆನಾಡು, ಬಾಗಲಕೋಟೆಯ ಬಸವೇಶ್ವರ, ಕಲಬುರಗಿಯ ಪಿಡಿಎ ಕಾಲೇಜುಗಳಲ್ಲಿ ಅನುದಾನಿತ ವಿಭಾಗಗಳಿವೆ. ಇಲ್ಲೊಂದು ಎಚ್ಚರ ಬೇಕು: ಕಾಲೇಜು ಅನುದಾನಿತ ಎಂದರೆ ಅದರ ಎಲ್ಲ ಬ್ರಾಂಚೂ ಅನುದಾನಿತ ಅಲ್ಲ. ಹಳೆಯ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್‌ಗೆ ಅನುದಾನ ಇದ್ದು, ಅದೇ ಆವರಣದ ಹೊಸ ಬ್ರಾಂಚಿಗೆ ಖಾಸಗಿ ದರ ಇರಬಹುದು. ಶುಲ್ಕವನ್ನು ಬ್ರಾಂಚ್ ಬ್ರಾಂಚ್ ನೋಡಿಯೇ ಬರೆದುಕೊಳ್ಳಿ.

ಇನ್ನು ಕಟ್-ಆಫ್ ಪಟ್ಟಿ ಓದುವುದು. ಹೆಚ್ಚಿನವರು ಎಡವುವುದು ಇಲ್ಲೇ. ಜಿಎಂ, ಜಿಎಂಆರ್, ಜಿಎಂಕೆ, 2ಎಜಿ, 2ಎಆರ್, 2ಎಕೆ ಎಂದು ಉದ್ದಕ್ಕೆ ಕಾಲಂಗಳಿರುತ್ತವೆ. ಜಿಎಂ ಎಂದರೆ ಸಾಮಾನ್ಯ ಮೆರಿಟ್, 2ಎ ಎಂದರೆ ಹಿಂದುಳಿದ ವರ್ಗಗಳಲ್ಲೊಂದು. ವರ್ಗದ ಹೆಸರಿನ ಕೊನೆಗೆ ಜಿ ಇದ್ದರೆ ಆ ವರ್ಗದ ಸಾಮಾನ್ಯ ಸೀಟು, ಆರ್ ಆದರೆ ಗ್ರಾಮೀಣ, ಕೆ ಆದರೆ ಕನ್ನಡ ಮಾಧ್ಯಮ. ಪ್ರತಿ ವರ್ಗದೊಳಗೆ ಗ್ರಾಮೀಣಕ್ಕೆ ಶೇ. 15, ಕನ್ನಡ ಮಾಧ್ಯಮಕ್ಕೆ ಶೇ. 5. ನಿಮಗೆ ಅರ್ಹತೆ ಇರುವ ಎಲ್ಲ ಕಾಲಂ ನೋಡಿ, ಅವುಗಳಲ್ಲಿ ದೊಡ್ಡ ಸಂಖ್ಯೆ ಯಾವುದೋ ಅದನ್ನು ಹಿಡಿಯಬೇಕು. ಆದರೆ ಆರ್ ಮತ್ತು ಕೆ ಕಾಲಂಗಳನ್ನು ಪೂರ್ತಿ ನಂಬಬೇಡಿ. ಲೆಕ್ಕ ಸರಳ. ಅಲ್ಪಸಂಖ್ಯಾತ ಸಂಸ್ಥೆಯಲ್ಲದ ಖಾಸಗಿ ಕಾಲೇಜಿನ 60 ಸೀಟಿನ ಬ್ರಾಂಚಿನಲ್ಲಿ ಸರ್ಕಾರಿ ಕೋಟಾ ಶೇ. 45, ಅಂದರೆ 27 ಸೀಟು. ಅದರಲ್ಲಿ 2ಎ ವರ್ಗಕ್ಕೆ ಶೇ. 15, ಅಂದರೆ ಸುಮಾರು ನಾಲ್ಕು. ಆ ನಾಲ್ಕರಲ್ಲಿ ಗ್ರಾಮೀಣದ ಪಾಲು ಒಂದು ಪೂರ್ತಿ ಸೀಟೂ ಆಗುವುದಿಲ್ಲ. ಒಂದು ವರ್ಷ ಅಲ್ಲಿ 25,000 ಎಂದು ಕಂಡಿದ್ದರೆ ಅದು ಒಬ್ಬರೇ ಒಬ್ಬ ವಿದ್ಯಾರ್ಥಿಯ ರ‍್ಯಾಂಕ್ ಇರಬಹುದು. ಮರುವರ್ಷ ಅದೇ ಕಾಲಂ ಖಾಲಿ ಇದ್ದರೂ ಆಶ್ಚರ್ಯವಿಲ್ಲ. ಭದ್ರ ಸೀಟುಗಳನ್ನು ಆರಿಸುವಾಗ ಜಿಎಂ ಅಥವಾ ನಿಮ್ಮ ವರ್ಗದ ಜಿ ಕಾಲಂ ಮಾತ್ರ ನೋಡಿ. ಆರ್, ಕೆ ಕಾಲಂಗಳಿಂದ ಬಲ ಸಿಗಬೇಕಾದದ್ದು ಮೇಲಿನ ಆಸೆಯ ಸಾಲುಗಳಿಗೆ.

ಎರಡು ಮೂರು ವರ್ಷದ ಅಂಕಿ ಎದುರಿಗಿಟ್ಟುಕೊಂಡು ಮೂರು ಗುಂಪು ಮಾಡಿ. ನಾನು ಹಾಕುವ ಅಳತೆ ಇದು. ರ‍್ಯಾಂಕ್ 12,000 ಎಂದಿಟ್ಟುಕೊಳ್ಳಿ. 10,000ಕ್ಕಿಂತ ಮೊದಲೇ ಮುಗಿದ ಸೀಟುಗಳು ಆಸೆಯವು, ಹದಿನೈದು ಇಪ್ಪತ್ತು ಸಾಲು. 10,000ದಿಂದ 18,000ದವರೆಗೆ ಮುಗಿದವು ನಿಮ್ಮ ಮಟ್ಟದವು, ಅವು ಎಷ್ಟು ಹೆಚ್ಚಿದ್ದರೂ ಒಳ್ಳೆಯದು, ಮೂವತ್ತಾದರೂ ಇರಲಿ. ಒಂದೂವರೆ ಪಟ್ಟು, ಅಂದರೆ 18,000 ದಾಟಿ ಮುಗಿದವು ಭದ್ರ, ಹದಿನೈದು ಸಾಕು. ಹೋಲಿಸುವಾಗ ಸುತ್ತನ್ನೂ ನೋಡಿ. ಐಐಟಿ, ಎನ್‌ಐಟಿ, ಮೆಡಿಕಲ್‌ಗೆ ಹೋಗುವವರು ಸೀಟು ಬಿಟ್ಟ ಮೇಲೆ ಎರಡನೇ ಸುತ್ತಿನ ಕಟ್-ಆಫ್ ಸಡಿಲವಾಗುತ್ತದೆ. ಮೊದಲ ಸುತ್ತಿನ ಅಂಕಿ ನೋಡಿ ಕೈಬಿಟ್ಟ ಕಾಲೇಜು ಎರಡನೆಯದರಲ್ಲಿ ನಿಮ್ಮದಾಗಬಹುದು.

ಗ್ರಾಮೀಣ ಮೀಸಲಾತಿಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಗಟ್ಟಿಯಾಗಿ ಕೂತಿದೆ. ಮನೆ ಹಳ್ಳಿಯಲ್ಲಿದ್ದರೆ ಸಾಲದು. ಒಂದರಿಂದ ಹತ್ತನೇ ತರಗತಿಯವರೆಗೆ ಹತ್ತೂ ವರ್ಷ ಓದಿದ ಶಾಲೆ ಗ್ರಾಮೀಣ ಪ್ರದೇಶದಲ್ಲಿರಬೇಕು. ಹೈಸ್ಕೂಲಿಗೆಂದು ತಾಲ್ಲೂಕು ಕೇಂದ್ರದ ಪಟ್ಟಣಕ್ಕೆ ಹೋಗಿಬಂದ ಮಕ್ಕಳಿಗೆ ಇದು ಸಿಗುವುದಿಲ್ಲ. ಕನ್ನಡ ಮಾಧ್ಯಮಕ್ಕೂ ಅದೇ ಹತ್ತು ವರ್ಷದ ಲೆಕ್ಕ. ಅರ್ಜಿಯಲ್ಲೇ ಕೇಳಿರಬೇಕು, ಆಪ್ಷನ್ ಎಂಟ್ರಿ ಹೊತ್ತಿಗೆ ನೆನಪಾದರೆ ಪ್ರಯೋಜನವಿಲ್ಲ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರದ ಮಕ್ಕಳಿಗೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಇದೆ: ಆ ಭಾಗದ ಕಾಲೇಜುಗಳಲ್ಲಿ ಶೇ. 70, ಉಳಿದ ಕರ್ನಾಟಕದಲ್ಲಿ ಶೇ. 8. ಆ ಎಂಟು ಬೆಂಗಳೂರು, ಮೈಸೂರಿನ ಕಾಲೇಜುಗಳಿಗೂ ಅನ್ವಯ. ಅದನ್ನು ಬಳಸದೆ ಬಿಡುವವರನ್ನು ಕಂಡರೆ ಸಂಕಟವಾಗುತ್ತದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ ಎಸ್‌ಎನ್‌ಕ್ಯು ಎಂಬ ಹೆಚ್ಚುವರಿ ಕೋಟಾದ ಸೀಟಿಗೂ ಅರ್ಹತೆ ಇರುತ್ತದೆ, ಅಲ್ಲಿ ಬೋಧನಾ ಶುಲ್ಕ ಇಲ್ಲ. ಆದರೆ ಆ ಸೀಟುಗಳು ಶೇ. 5 ಮಾತ್ರ, ಹಾಗಾಗಿ ಮನೆಯ ಖರ್ಚಿನ ಲೆಕ್ಕವನ್ನು ಅದರ ಮೇಲೆ ನಿಲ್ಲಿಸಬೇಡಿ.

ಖಾಸಗಿ ಕಾಲೇಜುಗಳ ಒಕ್ಕೂಟದ ಪ್ರವೇಶ ಪರೀಕ್ಷೆ ಕಾಮೆಡ್-ಕೆ ಬರೆಯಿರಿ, ತಪ್ಪಿಲ್ಲ. ಅಲ್ಲಿ ಗ್ರಾಮೀಣ ಮೀಸಲಾತಿ ಇಲ್ಲ, ಶುಲ್ಕ ಸರ್ಕಾರಿ ಕೋಟಾಕ್ಕಿಂತ ಬಹಳ ಹೆಚ್ಚು. ಜೆಇಇ ಮೇನ್ ಮಾತ್ರ ಬಿಡಲೇಬೇಡಿ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಅರ್ಧ ಸೀಟು ಕರ್ನಾಟಕದವರಿಗೇ ಮೀಸಲು.

ಅಣಕು ಹಂಚಿಕೆ (ಮಾಕ್ ಅಲಾಟ್‌ಮೆಂಟ್) ಬಂದಾಗ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. ಅದು ಸೀಟಲ್ಲ, ಪಟ್ಟಿ ತಿದ್ದಿಕೊಳ್ಳಲು ಸಿಗುವ ಅವಕಾಶ. ಸೇರಿಸಬೇಕಾದದ್ದನ್ನು ಆಗಲೇ ಸೇರಿಸಿ, ಮುಂದಿನ ಸುತ್ತಿನಲ್ಲಿ ಹೊಸದಾಗಿ ಹಾಕಬಹುದು ಎಂದು ನಂಬಿ ಕೂರಬೇಡಿ. ನಿಜವಾದ ಹಂಚಿಕೆಯ ನಂತರ ಚಾಯ್ಸ್ ಒತ್ತುವಾಗ ಮನೆಯವರೆಲ್ಲ ಎದುರಿಗಿರಲಿ. ಚಾಯ್ಸ್-1 ಎಂದರೆ ಇದೇ ಸೀಟು ಸಾಕು, ಕಾಲೇಜಿಗೆ ಸೇರುತ್ತೇನೆ. ಚಾಯ್ಸ್-2 ಎಂದರೆ ಇದು ಕೈಯಲ್ಲಿರಲಿ, ಪಟ್ಟಿಯಲ್ಲಿ ಇದಕ್ಕಿಂತ ಮೇಲಿನದು ಸಿಕ್ಕರೆ ಅಲ್ಲಿಗೆ ಹೋಗುತ್ತೇನೆ. ಚಾಯ್ಸ್-3 ಎಂದರೆ ಸಿಕ್ಕ ಸೀಟನ್ನು ಬಿಟ್ಟುಕೊಟ್ಟು ಮುಂದಿನ ಸುತ್ತಿಗೆ ಕಾಯುತ್ತೇನೆ. ಚಾಯ್ಸ್-4 ಎಂದರೆ ಪೂರ್ತಿ ಹೊರಗೆ. ಎರಡು ಮತ್ತು ಮೂರರ ನಡುವೆ ಗೊಂದಲವಾಗಿ, ಕೈಗೆ ಬಂದ ಸೀಟು ಹೋಗುತ್ತದೆ. ಚಾಯ್ಸ್-2ರಲ್ಲಿ ಮೇಲಿನ ಸೀಟು ಸಿಕ್ಕರೆ ಹಳೆಯದು ತಾನಾಗಿಯೇ ರದ್ದು, ಆದ್ದರಿಂದ ಈಗ ಸಿಕ್ಕಿರುವುದಕ್ಕಿಂತ ನಿಜಕ್ಕೂ ಹೆಚ್ಚು ಇಷ್ಟವಾದವು ಮಾತ್ರ ಮೇಲಿರಲಿ.

ಕೊನೆಗೆ, ಸೈಬರ್ ಸೆಂಟರ್ ವಿಷಯ. ನೋಂದಣಿಗೆ ಕೊಡುವ ಮೊಬೈಲ್ ನಂಬರ್ ನಿಮ್ಮ ಮನೆಯದ್ದೇ ಆಗಿರಲಿ. ಅಂಗಡಿಯವರ ನಂಬರ್ ಕೊಟ್ಟರೆ ಪ್ರತಿ ಒಟಿಪಿಗೂ ಅವರ ಬಾಗಿಲು ಕಾಯಬೇಕು, ಕೊನೆಯ ದಿನ ಅಂಗಡಿ ಮುಚ್ಚಿದ್ದರೆ ಪಟ್ಟಿ ಹೇಗಿತ್ತೋ ಹಾಗೇ ಉಳಿಯುತ್ತದೆ. ಕಾಲೇಜಿನ ಕೋಡ್, ಬ್ರಾಂಚಿನ ಕೋಡ್ ಎರಡನ್ನೂ ಮೊದಲು ನೋಟ್‌ಬುಕ್ಕಿನಲ್ಲಿ ಕ್ರಮವಾಗಿ ಬರೆದುಕೊಂಡು ಹೋಗಿ. ಟೈಪ್ ಆದ ಮೇಲೆ ಪ್ರಿಂಟ್ ತೆಗೆಸಿ, ಒಬ್ಬರು ನೋಟ್‌ಬುಕ್ ಓದಲಿ, ಇನ್ನೊಬ್ಬರು ಪ್ರಿಂಟಿನ ಮೇಲೆ ಬೆರಳಿಟ್ಟು ನೋಡಲಿ. ಎಂಬತ್ತು ಸಾಲಿಗೆ ಅರ್ಧ ಗಂಟೆಯೂ ಬೇಡ.