ಸ್ವಾಬ್‌ನಲ್ಲಿ ಲಿಸ್ಟೀರಿಯಾ ಸಿಕ್ಕರೆ ಕ್ಲೋರಿನ್ ಏರಿಸಬೇಡಿ, ಮೆಷಿನ್ ಬಿಚ್ಚಿ

ಆಹಾರ ಕಾರ್ಖಾನೆಗಳಲ್ಲಿ ಮೆಷಿನ್, ನೆಲ ಒರೆಸಿ ಮಾಡುವ ಸ್ವಾಬ್ ಪರೀಕ್ಷೆ ಲಿಸ್ಟೀರಿಯಾಗೆ (ಆಹಾರದ ಮೂಲಕ ಸೋಂಕು ತರುವ ಬ್ಯಾಕ್ಟೀರಿಯಾ) ಪಾಸಿಟಿವ್ ಬಂತು ಅಂದರೆ ಸಾಕು, ಕ್ಲೋರಿನ್ ಡೋಸ್ ಏರಿಸಿಬಿಡುತ್ತಾರೆ. ಇದರಿಂದ ಪ್ರಯೋಜನ ಕಡಿಮೆ. ಜಿಡ್ಡು, ಪ್ರೋಟೀನ್ ಉಳಿದ ಜಾಗದಲ್ಲಿ ಕ್ಲೋರಿನ್ ಆ ಕೊಳೆಯ ಮೇಲೇ ಖರ್ಚಾಗುತ್ತದೆ. ಅದರಡಿ ಬಯೋಫಿಲ್ಮ್, ಅಂದರೆ ಅಂಟಿನಂಥ ರಕ್ಷಣೆಯ ಪದರ, ಕಟ್ಟಿಕೊಂಡ ಬ್ಯಾಕ್ಟೀರಿಯಾ ಹಾಗೇ ಉಳಿಯುತ್ತದೆ.

ಮೊದಲು ತುಣುಕುಗಳನ್ನು ನೀರು ಹಾಕದೆ ಕೆರೆದು ತೆಗೆಯಿರಿ. ಆಮೇಲೆ 40ರಿಂದ 50 ಡಿಗ್ರಿಯ ನೀರು. ಅದಕ್ಕಿಂತ ತೀರಾ ಬಿಸಿಯಾದರೆ ಪ್ರೋಟೀನ್ ಸ್ಟೀಲಿಗೆ ಕಚ್ಚಿಕೊಳ್ಳುತ್ತದೆ. ಡಿಟರ್ಜೆಂಟ್ ನೊರೆ 10–15 ನಿಮಿಷ ನಿಲ್ಲಲಿ, ಒಣಗಲು ಬಿಡಬೇಡಿ. ಬ್ರಷ್ ಹಾಕಿ ಉಜ್ಜಲೇಬೇಕು, ಬರೀ ನೊರೆಗೆ ಬಯೋಫಿಲ್ಮ್ ಬಿಡುವುದಿಲ್ಲ. ತೊಳೆದು, ಟಾರ್ಚ್ ಬಿಟ್ಟು ನೋಡಿ, ಕೊಳೆ ಇಲ್ಲ ಅನ್ನಿಸಿದ ಮೇಲಷ್ಟೇ ಸ್ಯಾನಿಟೈಸರ್. ಕ್ಲೋರಿನ್ ಆದರೆ 100–200 ಪಿಪಿಎಂ (ಲೀಟರ್ ನೀರಿಗೆ ಅಷ್ಟು ಮಿಲಿಗ್ರಾಂ), ಪಿಎಚ್ 6.5–7.5. ಆಸಿಡ್ ಕ್ಲೀನರ್ ಜೊತೆ ಅದನ್ನು ಬೆರೆಸಿದರೆ ವಿಷಾನಿಲ ಏಳುತ್ತದೆ, ಇದನ್ನು ಪ್ರತಿ ಶಿಫ್ಟಿನವರಿಗೂ ಹೇಳಿರಬೇಕು.

ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಡ್ರೈನ್. ಲಿಸ್ಟೀರಿಯಾ 4 ಡಿಗ್ರಿಯಲ್ಲೂ ಬೆಳೆಯುತ್ತದೆ, ಹಾಗಾಗಿ ಕೋಲ್ಡ್ ರೂಮಿನ ಡ್ರೈನ್ ಅದಕ್ಕೆ ಆರಾಮದ ಮನೆ. ಅದಕ್ಕೆ ಪ್ರೆಷರ್ ಹೋಸ್ ಹಿಡಿದರೆ ಹನಿಗಳು ಮಂಜಿನಂತೆ ಎದ್ದು ಕನ್ವೇಯರ್ ಮೇಲೆ ಕೂರುತ್ತವೆ. ಕಡಿಮೆ ಒತ್ತಡದ ನೀರು, ಡ್ರೈನಿಗೇ ಮೀಸಲಾದ ಬೇರೆ ಬಣ್ಣದ ಬ್ರಷ್ ಬಳಸಿ. ಮೆಷಿನ್ ಸ್ಯಾನಿಟೈಸ್ ಆದ ಮೇಲೆ ನೆಲ, ಡ್ರೈನ್ ತೊಳೆಯುವ ಅಭ್ಯಾಸವಂತೂ ಕೂಡಲೇ ನಿಲ್ಲಬೇಕು. ಅವೆರಡೂ ಮೊದಲೇ ಮುಗಿದಿರಬೇಕು.

2008ರಲ್ಲಿ ಕೆನಡಾದಲ್ಲಿ ಲಿಸ್ಟೀರಿಯಾ ಸೇರಿದ ಮಾಂಸ ತಿಂದು 20ಕ್ಕೂ ಹೆಚ್ಚು ಜನ ಸತ್ತರು. ತನಿಖೆ ಬೊಟ್ಟು ಮಾಡಿದ್ದು ಸ್ಲೈಸರ್‌ಗಳ ಒಳಭಾಗವನ್ನು, ನಿತ್ಯದ ತೊಳೆತದ ಕೈಗೆಟುಕದ ಜಾಗವನ್ನು. ಪೊಳ್ಳು ರೋಲರ್, ಬಿರುಕುಬಿಟ್ಟ ಗ್ಯಾಸ್ಕೆಟ್, ಬೋಲ್ಟ್‌ನ ಎಳೆಗಳು, ಸವೆದ ಬೆಲ್ಟಿನ ಅಂಚು ಎಲ್ಲವೂ ಇದೇ ಜಾತಿಯವು. ಸ್ಪ್ಯಾನರ್ ಇಲ್ಲದೆ ಬಿಚ್ಚಲಾಗದ ಭಾಗಗಳ ಪಟ್ಟಿ ಮಾಡಿ, ಯಾವುದನ್ನು ಎಂದು ಬಿಚ್ಚಬೇಕು ಎಂದು ದಿನ ಗೊತ್ತುಮಾಡಿ. ಕೂಲರ್ ತಟ್ಟೆಯಿಂದ ತೊಟ್ಟಿಕ್ಕುವ ನೀರನ್ನೂ ಮರೆಯಬೇಡಿ.

ಸ್ಯಾನಿಟೈಸರ್ ಹಾಕಿದ ತಕ್ಷಣ ಸ್ವಾಬ್ ತೆಗೆದರೆ ನೆಗೆಟಿವ್ ಬರುವುದು ದೊಡ್ಡ ಮಾತಲ್ಲ. ಲೈನ್ ಓಡಲು ಶುರುವಾಗಿ ಮೂರು ಗಂಟೆಯಾದರೂ ಆಗಲಿ, ಆಮೇಲೆ ಸ್ವಾಬ್ ತೆಗೆಯಿರಿ. ಅಷ್ಟರಲ್ಲಿ ಮೆಷಿನ್ ಅದುರಿ ಒಳಗೆ ಅಡಗಿರುವುದು ಹೊರಬರುತ್ತದೆ. ಎಟಿಪಿ ಮೀಟರ್ ತೋರಿಸುವುದು ಉಳಿದ ಕೊಳೆಯನ್ನು, ಅದು ಲಿಸ್ಟೀರಿಯಾ ಪರೀಕ್ಷೆ ಅಲ್ಲ. ಪಾಸಿಟಿವ್ ಬಂದರೆ ಆ ಬಿಂದುವಿನ ಸುತ್ತಮುತ್ತಲೂ ಸ್ವಾಬ್ ಹಾಕಿ, ತೊಳೆಯುವ ಮೊದಲೇ ಭಾಗ ಬಿಚ್ಚಿ ಒಳಗಿನಿಂದಲೂ ತೆಗೆಯಿರಿ. ತೊಳೆದುಬಿಟ್ಟರೆ ಮೂಲದ ಸುಳಿವೂ ನೀರಿನೊಂದಿಗೇ ಹೋಗುತ್ತದೆ.