ಕಾರ್ಬುರೇಟರ್‌ಗೆ ಕೈ ಹಾಕೋ ಮುಂಚೆ ಪಾಯಿಂಟ್ ನೋಡಿ

ಲೇಖನ ಚೆನ್ನಾಗಿದೆ ಸರ್. ಆದರೆ ಹಳೆ ಚೈನ್ ಸಾ (ಮರ ಕೊಯ್ಯೋ ಮಿಷನ್) ಸ್ಟಾರ್ಟ್ ಆಗದಿದ್ದರೆ ಮೊದಲು ಕಾರ್ಬುರೇಟರ್ ಬದಲಿಸಿ ಅಂದಿದ್ದೀರಲ್ಲ, ಅದನ್ನು ನಾನು ಒಪ್ಪಲ್ಲ. ಸ್ಟಿಲ್ ಕಂಪನಿಯ 070 ತರದ 106 ಸಿಸಿ ಮಿಷನ್ ಇರಲಿ, ಇನ್ಯಾವುದೇ ಪಾಯಿಂಟ್ (ಕಿಡಿ ಹುಟ್ಟಿಸಲು ತೆರೆದು ಮುಚ್ಚುವ ಸಣ್ಣ ಸ್ವಿಚ್) ಇರುವ ಹಳೆ ಮಾಡೆಲ್ ಇರಲಿ, ಮಲೆನಾಡಿನ ಮಳೆಗಾಲ ಪೂರ್ತಿ ಶೆಡ್ಡಲ್ಲಿ ಬಿದ್ದಿದ್ದರೆ ಫ್ಲೈವೀಲ್ (ಎಂಜಿನ್ ಜೊತೆ ತಿರುಗುವ ಭಾರದ ಚಕ್ರ) ಹಿಂದಿನ ಪಾಯಿಂಟ್ ಮೇಲೆ ಬೂದು ಬಣ್ಣದ ತೆಳು ಪೊರೆ ಕಟ್ಟಿರುತ್ತದೆ, ಅಷ್ಟಕ್ಕೇ ಕಿಡಿ ಬರಲ್ಲ. ನಯವಾದ ಉಪ್ಪು ಕಾಗದದಲ್ಲಿ ಮೆಲ್ಲಗೆ ಉಜ್ಜಿ, ಆಮೇಲೆ ಪೆಟ್ರೋಲಲ್ಲಿ ಅದ್ದಿದ ದಪ್ಪ ಕಾಗದದ ಚೂರು ಎಳೆದು ಒರೆಸಿ. ಎಷ್ಟೋ ಸಲ ಕೆಲಸ ಅಲ್ಲಿಗೇ ಮುಗಿಯುತ್ತದೆ.

ಕಾರ್ಬುರೇಟರಲ್ಲೂ ಸಾಮಾನ್ಯವಾಗಿ ಹಾಳಾಗುವುದು ಡಯಾಫ್ರಮ್, ಅಂದರೆ ಒಳಗಿನ ತೆಳು ಪೊರೆ. ಬೆರಳಿಗೆ ಗಟ್ಟಿಯಾಗಿ, ಚರಚರ ಅನ್ನುವ ಹಾಗಿದ್ದರೆ ಡಯಾಫ್ರಮ್ ಇರುವ ರಿಪೇರಿ ಕಿಟ್ ಹಾಕಿ ಸಾಕು, ಸುಮ್ನೆ ಇಡೀ ಕಾರ್ಬುರೇಟರ್‌ಗೆ ದುಡ್ಡು ಯಾಕೆ? ಈಗಿನ ಪೆಟ್ರೋಲಲ್ಲಿ ಎಥನಾಲ್ ಇರುವುದರಿಂದ ಹಳೆ ರಬ್ಬರ್ ಪೈಪು ಬೇಗ ಹಾಳಾಗುತ್ತದೆ, ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿಡಿ. ಆಯಿಲ್ ಬೆರೆಸುವ ಅಳತೆ 1:25 ಅಂದರೆ ಲೀಟರ್ ಪೆಟ್ರೋಲಿಗೆ 40 ಎಂಎಲ್ ಟೂ ಸ್ಟ್ರೋಕ್ ಆಯಿಲ್, ಕಣ್ಣಳತೆ ಬೇಡ.

ಐಡಲ್‌ನಲ್ಲಿ ತಾನಾಗೇ ರೇಸ್ ಏರುತ್ತಿದ್ದರೆ ಕ್ರ್ಯಾಂಕ್ ಸೀಲ್ (ಎಂಜಿನ್ ಶಾಫ್ಟ್ ಸುತ್ತಲಿನ ರಬ್ಬರ್ ಬಳೆ) ಗಾಳಿ ಎಳೀತಿರಬಹುದು. ಹಾಗೇ ಓಡಿಸಿದರೆ ಪಿಸ್ಟನ್ ಸೀಜ್ ಆಗುತ್ತದೆ, ಅಂದರೆ ಸಿಲಿಂಡರಲ್ಲೇ ಕಚ್ಚಿಕೊಳ್ಳುತ್ತದೆ.

ಇನ್ನೊಂದು ಮಾತು, ಹಳೆಯವುಗಳಲ್ಲಿ ಬಹಳಷ್ಟಕ್ಕೆ ಚೈನ್ ತಕ್ಷಣ ನಿಲ್ಲಿಸುವ ಚೈನ್ ಬ್ರೇಕೇ ಇಲ್ಲ. ಬಾರ್ (ಚೈನ್ ಓಡುವ ಉದ್ದನೆ ಪಟ್ಟಿ) ತುದಿ ಮರಕ್ಕೆ ತಗುಲಿದರೆ ಮಿಷನ್ ನೇರ ಮುಖಕ್ಕೇ ಬರುತ್ತದೆ. ದಯವಿಟ್ಟು ಇದನ್ನೂ ಲೇಖನಕ್ಕೆ ಸೇರಿಸಿ.