ಸರ ಹೆಚ್ಚಿತು

ಹಾಸನವನ್ನು ಬಡವರ ಊಟಿ ಎನ್ನುತ್ತಾರೆ. ಊಟಿಯ ಪಾಲಿನ ಚಳಿಯಂತೂ ಬಂದಿದೆ, ಬಡವರ ಪಾಲಿಗೆ ಮನೆಯಲ್ಲೇ ಹೆಣೆದ ಸ್ವೆಟರು. ಮಾರ್ಗಶಿರದ ಒಂದು ಬೆಳಿಗ್ಗೆ ಅಂಥ ಸ್ವೆಟರನ್ನು ತಲೆಯ ಮೇಲಿನಿಂದ ಎಳೆದು ತೆಗೆಯುತ್ತಿದ್ದಾಗ ಉಣ್ಣೆಯ ಎಳೆಯೊಂದು ಕತ್ತಿನ ಸರಕ್ಕೆ ಸಿಕ್ಕಿಕೊಂಡಿತು. ಕಣ್ಣಿಗೆ ಕತ್ತಲೆ, ಎರಡೂ ಕೈ ಮೇಲೆ. ಆ ಸ್ಥಿತಿಯಲ್ಲಿ ಯಾರಾದರೂ ಮಾಡುವುದನ್ನೇ ನಾನೂ ಮಾಡಿದೆ, ಇನ್ನೂ ಜೋರಾಗಿ ಎಳೆದೆ. ಸರದ ಒಂದು ತುದಿ ರವಿಕೆಯೊಳಗೆ ಜಾರಿತು, ತಾಳಿ ಟಣ್ಣೆಂದು ನೆಲಕ್ಕೆ ಬಿತ್ತು.

“ಅಯ್ಯೋ, ಸರ ಹರಿ...” ಎನ್ನುವಷ್ಟರಲ್ಲಿ ಅಡುಗೆಮನೆಯಿಂದ ಅತ್ತೆಯವರ ದನಿ ಬಂತು: “ಹೆಚ್ಚಿತು ಎನ್ನಮ್ಮ, ಹೆಚ್ಚಿತು!”

ನಮ್ಮ ಮನೆಯಲ್ಲಿ ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ದೀಪವನ್ನು ಆರಿಸುವುದಿಲ್ಲ, ದೊಡ್ಡದು ಮಾಡುತ್ತೇವೆ. ಊರಿಗೆ ಹೊರಟವರು ಹೋಗುತ್ತೇನೆ ಎನ್ನದೆ ಬರುತ್ತೇನೆ ಎಂದು ಹೇಳಿ ಹೋಗುತ್ತಾರೆ. ಈ ನಿಘಂಟನ್ನು ಮದುವೆಯಾದ ಹೊಸತರಲ್ಲೇ ಕಲಿತಿದ್ದೆನಾದರೂ ಸಂಕಟದ ಹೊತ್ತಿಗೆ ಬಾಯಿಗೆ ಬರುವುದಿಲ್ಲ. ಬೆಂಗಳೂರಿನಲ್ಲಿರುವ ಮಗಳಿಗಂತೂ ಅದರ ಗಂಧವೇ ಇಲ್ಲ. ಆ ರಾತ್ರಿ ಅತ್ತೆಯವರು ಫೋನಿನಲ್ಲಿ “ನಿಮ್ಮ ಅಮ್ಮನ ಸರ ಹೆಚ್ಚಿದೆ ಕಣೇ” ಎಂದು ದನಿ ತಗ್ಗಿಸಿ ಹೇಳಿದರೆ ಅವಳು ಉತ್ಸಾಹದಿಂದ, “ಹೌದೇ ಅಜ್ಜಿ? ಎಷ್ಟು ಗ್ರಾಂ?” ಎಂದು ಕೇಳಿದಳು.

ತಾಳಿ ಬಿದ್ದ ಐದು ನಿಮಿಷದಲ್ಲಿ ನನ್ನ ಕೊರಳಿಗೆ ಅರಿಶಿನ ಹಚ್ಚಿದ ದಾರ ಬಂದಿತ್ತು, ದಾರಕ್ಕೆ ಅರಿಶಿನದ ಕೊಂಬು. ಬರಿಗೊರಳಲ್ಲಿ ಇರಬಾರದಲ್ಲ. ಎರಡು ತೊಲದ ಚಿನ್ನದ ಜಾಗದಲ್ಲಿ ಒಂದೂವರೆ ಇಂಚಿನ ಕೊಂಬು ಕಟ್ಟಿಕೊಂಡು, ಸೆರಗು ಹೊದ್ದು, ಕಟ್ಟಿನಕೆರೆ ಮಾರುಕಟ್ಟೆಯ ಕಡೆ ಹೊರಟೆ.

ದಾರಿಯಲ್ಲಿ ಒಂದು ದೊಡ್ಡ ಒಡವೆ ಅಂಗಡಿಗೂ ಹೋದೆನೆಂದು ಒಪ್ಪಿಕೊಳ್ಳಬೇಕು. ಗಾಜಿನ ಬಾಗಿಲು, ಕುಡಿಯಲು ಬಾದಾಮಿ ಹಾಲು. ಹುಡುಗ ಸರವನ್ನು ಎರಡು ಬೆರಳಲ್ಲಿ ಎತ್ತಿ, ಸತ್ತ ಹಲ್ಲಿಯನ್ನು ನೋಡುವಂತೆ ನೋಡಿ, “ಮೇಡಂ, ಇದು ಸವೆದುಹೋಗಿದೆ, ಎಕ್ಸ್‌ಚೇಂಜ್ ಮಾಡಿಬಿಡಿ” ಎಂದ. ತೋರಿಸಿದ ಹೊಸ ಸರ ನೋಡಲು ಹೆಬ್ಬೆರಳು ಗಾತ್ರ, ಕೈಯಲ್ಲಿ ಹಿಡಿದರೆ ಹತ್ತಿ. ಕೊಂಡಿಗಳೆಲ್ಲ ಒಳಗೆ ಟೊಳ್ಳು. ಅಂಥದ್ದು ಒಮ್ಮೆ ನುಗ್ಗಾದರೆ ಬೆಸುಗೆ ಹಾಕುವುದೂ ಕಷ್ಟ, ತೆಳುವಾದ ಗೋಡೆ ಬೆಂಕಿಗೆ ಕರಗಿ ಕುಳಿಯಾಗುತ್ತದೆ. ಹಾಲು ಕುಡಿದು ಎದ್ದು ಬಂದೆ.

ನಮ್ಮ ಅಕ್ಕಸಾಲಿಗ ಆಚಾರ್ಯರ ಅಂಗಡಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿದೆ. ಅಂಗಡಿ ಎಂದರೆ ಒಂದು ಮಂಚ ಹಾಕಿದರೆ ತುಂಬಿಹೋಗುವಷ್ಟು ಜಾಗ. ಅವರು ನೆಲದ ಮೇಲೆ ಕುಳಿತು ಕೆಲಸ ಮಾಡುತ್ತಾರೆ, ನಾವು ಮೆಟ್ಟಿಲ ಮೇಲೆ ಕುಳಿತು ನೋಡುತ್ತೇವೆ. ಸರವನ್ನು ಅಂಗೈಯಲ್ಲಿ ಸುರುವಿಕೊಂಡು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, “ತಾಯಿ, ಇದು ಸ್ವೆಟರಿನ ತಪ್ಪಲ್ಲ. ಇಲ್ಲಿ ನೋಡಿ” ಎಂದು ಭೂತಗನ್ನಡಿಯನ್ನು ನನ್ನ ಕೈಗೇ ಕೊಟ್ಟರು.

ನೋಡಿದೆ. ಹೊರಗಿನಿಂದ ದುಂಡಗೆ ಕಾಣುವ ಕೊಂಡಿಗಳು ಒಳಬದಿಯಲ್ಲಿ, ಒಂದಕ್ಕೊಂದು ತಾಗುವ ಕಡೆ ಮಾತ್ರ, ಸೇದುವ ಬಾವಿಯ ಕಲ್ಲು ಹಗ್ಗಕ್ಕೆ ಸವೆದಂತೆ ಸವೆದಿದ್ದವು. ತುಂಡಾದ ಕೊಂಡಿಯಲ್ಲಿ ಉಳಿದಿದ್ದದ್ದು ಕೂದಲೆಳೆಯಷ್ಟು ದಪ್ಪ. 22 ಕ್ಯಾರೆಟ್ ಚಿನ್ನ ಎಂದರೆ ನೂರಕ್ಕೆ 91.6 ಪಾಲು ಅಪ್ಪಟ, ಆದ್ದರಿಂದಲೇ ಮೆತ್ತಗೆ. ತಾಳಿಯ ಭಾರ ಕೆಳಗೆ ಜಗ್ಗುತ್ತಿರುತ್ತದೆ, ಬೆವರಿಗೆ ದೂಳು ಅಂಟಿ ಮರಳುಕಾಗದವಾಗುತ್ತದೆ, ನಾವು ಉಸಿರಾಡಿದಷ್ಟು ಸಲ ಕೊಂಡಿ ಕೊಂಡಿಯನ್ನು ತಿನ್ನುತ್ತದೆ. ನಲವತ್ತು ವರ್ಷ ಅತ್ತೆಯವರ ಕೊರಳಲ್ಲಿ, ಆಮೇಲೆ ನನ್ನ ಕೊರಳಲ್ಲಿ ಅದಕ್ಕೆ ಇದೇ ಕೆಲಸ.

ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯಲ್ಲಿ ತಾಳಿ, ಕರಿಮಣಿ ಬಿಟ್ಟು ಸರವನ್ನಷ್ಟೇ ತೂಗಿದರು. 21.86 ಗ್ರಾಂ. ಮಾಡಿಸಿದಾಗ ಎರಡು ತೊಲ, ಅಂದರೆ 23.32 ಗ್ರಾಂ. ಒಂದೂವರೆ ಗ್ರಾಂ ಹತ್ತಿರ ಮಾಯವಾಗಿತ್ತು. ಒಂದು ಗುಲಗಂಜಿ ಎಂದರೆ ಸುಮಾರು 0.12 ಗ್ರಾಂ, ಹಾಗಾಗಿ ಹನ್ನೆರಡು ಗುಲಗಂಜಿ. ‘ಅಕ್ಕನ ಚಿನ್ನವಾದರೂ ಅಕ್ಕಸಾಲಿಗ ಗುಂಜಿ ತೂಕ ಕದಿಯದೆ ಬಿಡ’ ಎಂದು ಗಾದೆ ಕಟ್ಟಿದವರು ಒಮ್ಮೆ ತಮ್ಮ ಹೆಂಡತಿಯರ ಕೊರಳನ್ನೂ ಶೋಧಿಸಬಹುದಿತ್ತು. ಎರಡು ಕೊರಳು ಸೇರಿ ಹನ್ನೆರಡು ಗುಂಜಿ ಕದ್ದಿದ್ದವು, ಇಷ್ಟು ವರ್ಷ ಯಾರಿಗೂ ಅನುಮಾನ ಬಂದಿರಲಿಲ್ಲ.

ಎಲ್ಲಿ ಹೋಗಿರಬಹುದು? ರವಿಕೆಯ ಅಂಚಿಗೆ, ಬಚ್ಚಲಿನ ನೀರಿಗೆ, ಸಗಣಿ ಸಾರಿಸಿದ ಹಳೆಯ ಹಿತ್ತಿಲಿಗೆ. ಅಕ್ಕಸಾಲಿಗರ ಬೀದಿಯ ಕಸವನ್ನು ಗುಡಿಸಿ, ಮರಿಗೆಯಲ್ಲಿ ತೊಳೆದು ಚಿನ್ನದ ಪುಡಿ ಸೋಸುತ್ತಿದ್ದ ಜಲಗಾರರು ಎಂಬವರಿದ್ದರು. ಅವರು ನಮ್ಮ ಬಚ್ಚಲಿಗೂ ಬರಬಹುದಿತ್ತು.

ಸವೆಯದ ಸರಗಳೂ ನಮ್ಮ ಜಿಲ್ಲೆಯಲ್ಲಿವೆ. ಹಾಸನಾಂಬೆಯ ಒಡವೆಗಳು ವರ್ಷವೆಲ್ಲ ಖಜಾನೆಯಲ್ಲಿದ್ದು ದೀಪಾವಳಿಯ ಆಸುಪಾಸಿನಲ್ಲಿ ಗುಡಿಯ ಬಾಗಿಲು ತೆರೆದಾಗ ಮಾತ್ರ ಹೊರಗೆ ಬರುತ್ತವೆ, ಅವಕ್ಕೆ ಸವೆಯಲು ಪುರಸೊತ್ತೆಲ್ಲಿ? ಇನ್ನು ಹಳೇಬೀಡಿನ ಬಳಪದ ಕಲ್ಲಿನವರು. ಅಲ್ಲಿ ಎಷ್ಟೋ ವಿಗ್ರಹಗಳಿಗೆ ಮೂಗು ಹೋಗಿದೆ, ಮೊಣಕೈಯಿಂದ ಕೆಳಗೆ ಕೈಯಿಲ್ಲ, ಎದೆಯ ಮೇಲಿನ ಹಾರ ಮಾತ್ರ ಮಣಿ ಮಣಿಯಾಗಿ ನೆಟ್ಟಗಿದೆ. ಸ್ವೆಟರು ಹಾಕದಿದ್ದರೆ ಎಷ್ಟು ಲಾಭ ನೋಡಿ.

ಆಚಾರ್ಯರು ಕರಿಮಣಿ ಪೋಣಿಸಿದ್ದ ಭಾಗವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿದರು, ಬಿಸಿ ತಾಗಿದರೆ ಮಣಿ ಸೀಳುತ್ತದೆ. ತೀರಾ ಸೋತಿದ್ದ ಮೂರು ಕೊಂಡಿಗಳನ್ನು ತೆಗೆದು, ಹೊಸ ತಂತಿಯನ್ನು ಕಡ್ಡಿಗೆ ಸುತ್ತಿ ಕತ್ತರಿಸಿ ಮೂರು ದಪ್ಪ ಕೊಂಡಿ ಮಾಡಿಕೊಂಡರು. ಬೆಸುಗೆ ಹರಿಯಲೆಂದು ಹಚ್ಚುವ ಬಿಳಿಗಾರವನ್ನು ಕಲ್ಲಿನ ಮೇಲೆ ನೀರಿನಲ್ಲಿ ತೇಯ್ದು ಸಂದಿಗೆ ಸವರಿದರು. ಅದರ ಮೇಲೆ ಸಾಸಿವೆಯ ಕಾಲುಭಾಗದಷ್ಟು ಬೆಸುಗೆಯ ಚೂರು. ಆಮೇಲೆ ಊದುಗೊಳವೆ ಬಾಯಿಗೆ ಹೋಯಿತು. ಕೆನ್ನೆ ಉಬ್ಬಿತು. ಉಸಿರು ಮೂಗಿನಲ್ಲಿ ಒಳಗೆ ಹೋಗುತ್ತಿತ್ತು, ಬಾಯಲ್ಲಿ ಹೊರಗೆ ಬರುತ್ತಿತ್ತು, ಜ್ವಾಲೆ ಮಾತ್ರ ಎಲ್ಲೂ ಕಡಿಯದೆ ಸೂಜಿಯಂತೆ ನಿಂತಿತ್ತು. ಬಿಳಿಗಾರ ನೊರೆಯಾಗಿ ಉಬ್ಬಿ, ಕುಸಿದು, ಗಾಜಿನಂತಾಯಿತು. ಕೊಂಡಿ ಕೆಂಪಾಯಿತು. ಬೆಸುಗೆಯ ಚೂರು ಒಂದು ಕ್ಷಣ ಗುಂಡಗೆ ನಿಂತಿದ್ದು, ಥಟ್ಟನೆ ಹೊಳೆದು ಸಂದಿಯೊಳಗೆ ಹರಿದುಹೋಯಿತು. ಅದೇ ಕ್ಷಣ ಜ್ವಾಲೆ ಪಕ್ಕಕ್ಕೆ ಸರಿಯಿತು. ಇನ್ನೊಂದು ಉಸಿರು ಹೆಚ್ಚಾಗಿದ್ದರೆ ಪಕ್ಕದ ಕೊಂಡಿಗಳೂ ಅಂಟಿಕೊಂಡು ಸರ ಅಲ್ಲಿ ಕಡ್ಡಿಯಾಗುತ್ತಿತ್ತು.

“ಕೆಡಿಎಂ ಬೆಸುಗೆಯೇ?” ಎಂದು ತಿಳಿದವಳಂತೆ ಕೇಳಿದೆ. ಕೊಳವೆಯನ್ನು ಕೆಳಗಿಟ್ಟರು. ಕೆಡಿಎಂ ಎಂದರೆ ಒಳ್ಳೆಯ ಚಿನ್ನವೆಂದು ನಾವು ಬಗೆದಿದ್ದೇವೆ, ಅದು ಬೆಸುಗೆಗೆ ಬೆರೆಸುತ್ತಿದ್ದ ಕ್ಯಾಡ್ಮಿಯಂನ ಹೆಸರು. ಅದರ ಹೊಗೆ ವಿಷ. ಗಿರಾಕಿ ಹೆಮ್ಮೆಯಿಂದ ಕೇಳುತ್ತಿದ್ದದ್ದನ್ನು ಊದುವವನು ಎದೆಗೆ ಎಳೆದುಕೊಳ್ಳುತ್ತಿದ್ದ. ಅವರ ತಂದೆ ಕೆಮ್ಮುತ್ತಲೇ ಇದ್ದರಂತೆ. ಅದಕ್ಕೂ ಮೊದಲು, 1963ರಲ್ಲಿ ಚಿನ್ನ ನಿಯಂತ್ರಣ ಬಂದು 14 ಕ್ಯಾರೆಟ್ ಮೀರಿದ ಒಡವೆ ಮಾಡಬಾರದೆಂದಾದಾಗ ಅದೇ ತಂದೆ ಕೆಲಸವಿಲ್ಲದೆ ಕಾಫಿ ತೋಟದ ಕೂಲಿಗೂ ಹೋಗಿದ್ದರಂತೆ. “14 ಕ್ಯಾರೆಟ್ ಗಟ್ಟಿ ತಾಯಿ, ಇಷ್ಟು ಬೇಗ ಸವೆಯುವುದಿಲ್ಲ. ಆದರೆ ತಾಳಿಗೆ ಅದನ್ನು ಯಾರು ಒಪ್ಪುತ್ತಾರೆ?” ಎಂದು ಮತ್ತೆ ಕೊಳವೆ ಎತ್ತಿಕೊಂಡರು.

ಬೆಂಕಿಯಿಂದ ಕಪ್ಪಾಗಿ ಬಂದ ಸರ ಹುಣಸೆ ನೀರಿನಲ್ಲಿ ಕುದಿದು, ಅಂಟುವಾಳದ ನೊರೆಯಲ್ಲಿ ಬ್ರಷ್ಷಿನಿಂದ ಉಜ್ಜಿಸಿಕೊಂಡು ಹೊರಬಂತು. ಮತ್ತೆ ತಕ್ಕಡಿ: 22.10 ಗ್ರಾಂ. ಸೇರಿದ ಚಿನ್ನದ ಬೆಲೆ, ಕೂಲಿ ಕೊಟ್ಟೆ. ಕೂಲಿ ಎಷ್ಟು ಕಡಿಮೆಯೆಂದರೆ ಬರೆಯಲು ನನಗೇ ನಾಚಿಕೆ.

ಮನೆಯಲ್ಲಿ ಅತ್ತೆಯವರು ಕನ್ನಡಕ ಹಾಕಿಕೊಂಡು ಸರವನ್ನು ಜಪಮಾಲೆಯಂತೆ ಬೆರಳಲ್ಲಿ ಹಾಯಿಸಿದರು. ಮೂರು ಹೊಸ ಕೊಂಡಿಗಳ ಹತ್ತಿರ ಬೆರಳು ನಿಂತಿತು. ಅದರಾಚೆಗೆ ಇನ್ನೊಂದು ಕಡೆಯೂ ನಿಂತಿತು, “ಇದು ನಿನ್ನ ಗಂಡ ಹಾಲುಗೂಸಾಗಿದ್ದಾಗ ಜಗ್ಗಿದ್ದು” ಎಂದರು. ಆ ಬೆಸುಗೆ ನನ್ನ ಕಣ್ಣಿಗೆ ಕಾಣಲೇ ಇಲ್ಲ.

“ತೂಕ ಎಷ್ಟು ಬಂತು?”

“ಎರಡು ಗುಲಗಂಜಿ ಹೆಚ್ಚಿತು, ಅತ್ತೆ.”

“ಅಂದೇ ಹೇಳಲಿಲ್ಲವೇ ನಾನು?” ಎಂದು ದಾರದಿಂದ ಅರಿಶಿನದ ಕೊಂಬನ್ನು ಬಿಚ್ಚಿ ತುಳಸಿಯ ಬುಡಕ್ಕೆ ಹಾಕಲು ಎದ್ದರು. ರವಿಕೆಯ ಮೇಲಿನ ಹಳದಿ ಕಲೆ ಮೂರು ಸಲ ಒಗೆದರೂ ಹೋಗಿಲ್ಲ.